ಕತ್ತು ನೋವಿನ ಮಾತ್ರೆ, ಜೆಲ್: ನಾಲ್ಕು ವರ್ಷ ಬಳಸಿದ ಮೇಲೆ

ಮುಲುಂಡಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವವನು ನಾನು. ಬೆಳಿಗ್ಗೆ ಆರರಿಂದ ಬಿಲ್ಲು, ಚಿಲ್ಲರೆ, ಮೊಬೈಲು ಅಂತ ಕತ್ತು ಬಗ್ಗಿಸಿಯೇ ಇರಬೇಕು. ಡೊಂಬಿವಲಿಗೆ ವಾಪಸು ಹೋಗುವಾಗ ಲೋಕಲ್‌ನಲ್ಲಿ ಕೈ ಎತ್ತಿ ಹಿಡಿಕೆಗೆ ಜೋತುಬೀಳಬೇಕು. 2021ರಲ್ಲಿ ಶುರುವಾದ ನೋವು ಬಲ ಭುಜಕ್ಕಿಳಿದು, ಹೆಬ್ಬೆರಳು ಜೋಮು ಹಿಡಿಯುವ ತನಕ ಹೋಯಿತು.

ಮೊದಲ ವರ್ಷ ಡಾಕ್ಟರ ಬಳಿ ಹೋಗಲಿಲ್ಲ. ಮೆಡಿಕಲ್ ಅಂಗಡಿಯವನು ಎಟೋರಿಕಾಕ್ಸಿಬ್ 90 ಅನ್ನುವ ನೋವಿನ ಮಾತ್ರೆ ಕೊಟ್ಟ. ಕೆಲಸ ಮಾಡುತ್ತದೆ, ಎರಡು ಮಾತಿಲ್ಲ: ಬೆಳಿಗ್ಗೆ ಒಂದು ನುಂಗಿದರೆ ರಾತ್ರಿಯ ತನಕ ಕತ್ತು ಸಲೀಸಾಗಿ ತಿರುಗುತ್ತಿತ್ತು. ಮಾತ್ರೆ ಪಟ್ಟಿಯ ಮೇಲೆ ಕೆಂಪು ಗೆರೆ ಇತ್ತು. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ಸಂಜೆ ಸಾಕ್ಸ್ ಬಿಚ್ಚಿದರೆ ಕಾಲಲ್ಲಿ ಅದರ ಪಟ್ಟಿಯ ಗುರುತು ಬೆರಳು ಇಡುವಷ್ಟು ಆಳಕ್ಕೆ ಬಿದ್ದಿತ್ತು. ಬಿಪಿ 168/104. ನನಗೆ ಮೊದಲೇ ಬಿಪಿ ಮಾತ್ರೆ ನಡೆಯುತ್ತಿತ್ತು. ಬಿಪಿ 140/90 ದಾಟಿ ಹತೋಟಿಗೆ ಬಾರದವರು ಎಟೋರಿಕಾಕ್ಸಿಬ್ ಮುಟ್ಟಲೇಬಾರದಂತೆ. ಜೊತೆಗೆ ಕೊಡುವ ಆಸಿಡಿಟಿ ಮಾತ್ರೆ ಪ್ಯಾಂಟೊಪ್ರಜೋಲ್ ಕಾಯುವುದು ಹೊಟ್ಟೆಯನ್ನು ಮಾತ್ರ, ಬಿಪಿಯನ್ನೂ ಅಲ್ಲ, ಕಿಡ್ನಿಯನ್ನೂ ಅಲ್ಲ. ಇದು ನನಗೆ ತಿಳಿದದ್ದು ಆಮೇಲೆ.

ಕೊನೆಗೆ ಡಾಕ್ಟರ ಬಳಿ ಹೋದೆ. ಸ್ನಾಯು ಸಡಿಲಿಸುವ ಥಯೋಕಾಲ್ಚಿಕೋಸೈಡ್ ಐದು ದಿನಕ್ಕೆ ಬರೆದರು, ಅಷ್ಟಕ್ಕೇ ನಿಲ್ಲಿಸಿದರು.

ರಾತ್ರಿಗೆ ನರದ ನೋವಿನ ಮಾತ್ರೆ ಪ್ರಿಗ್ಯಾಬಲಿನ್ 75 ಕೊಟ್ಟರು. ಕೈಯ ಉರಿ, ಜೋಮು ಮೂರನೇ ವಾರಕ್ಕೆ ಇಳಿಯಿತು. ಕತ್ತಿನ ಬಿಗಿತಕ್ಕೆ ಮಾತ್ರ ಏನೂ ಆಗಲಿಲ್ಲ. ಮೊದಲ ವಾರವಂತೂ ನಾಲ್ಕೂವರೆಗೆ ಎದ್ದರೆ ತಲೆ ತಿರುಗಿ ಬಚ್ಚಲಿನ ಬಾಗಿಲು ಹಿಡಿದು ನಿಲ್ಲುತ್ತಿದ್ದೆ. ಆರು ತಿಂಗಳಲ್ಲಿ ನಾಲ್ಕು ಕಿಲೋ ಏರಿದೆ. ಒಮ್ಮೆ ಕುಂದಾಪುರಕ್ಕೆ ಹೋಗುವಾಗ ಮಾತ್ರೆ ಮನೆಯಲ್ಲೇ ಉಳಿಯಿತು. ಎರಡು ರಾತ್ರಿ ನಿದ್ದೆಯಿಲ್ಲ, ಬರೀ ಬೆವರು. "ಮಾರಾಯ್ರೆ, ಆ ಡಾಕ್ಟ್ರಿಗೆ ಒಂದು ಫೋನ್ ಮಾಡಿ" ಅಂದಳು ಹೆಂಡತಿ. ಇದನ್ನು ಒಮ್ಮೆಲೇ ಬಿಡುವಂತಿಲ್ಲ, ಹಂತಹಂತವಾಗಿ ಇಳಿಸಬೇಕು. ಮುಂದೆ ನಾನು ಹಾಗೆ ಇಳಿಸುತ್ತಲೇ ಬಿಟ್ಟೆ. ನುಂಗುತ್ತಿದ್ದಾಗ ಈ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಬಹಳ ಅಗ್ಗಕ್ಕೆ ಸಿಕ್ಕಿತು, ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈಗ ಉಳಿದಿರುವುದು ಡೈಕ್ಲೋಫೆನಾಕ್ ಜೆಲ್ ಮತ್ತು ಫಿಸಿಯೋ ಕಲಿಸಿದ ವ್ಯಾಯಾಮ. ಭುಜದ ಗಂಟು ಕಟ್ಟಿದ ಜಾಗಕ್ಕೆ ಜೆಲ್ ಒಳ್ಳೆಯದು, ರಕ್ತಕ್ಕೆ ಸೇರುವುದೂ ಮಾತ್ರೆಗಿಂತ ಬಹಳ ಕಡಿಮೆ. ಕತ್ತಿನ ಮೂಳೆಯ ಸಂದಿಗೆ ಅದು ಇಳಿಯುತ್ತದೆ ಅಂತ ನನಗೆ ಅನ್ನಿಸಿಲ್ಲ. ಹಚ್ಚಿ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ನಾನು ಮುಟ್ಟಿದ್ದೇನೆ, ಅರ್ಧ ಗಂಟೆ ಉರಿ. ಬಿಲ್ಲಿನ ಯಂತ್ರದ ಕೆಳಗೆ ಒಂದು ಹಲಗೆ ಇಟ್ಟು ಎತ್ತರಿಸಿಕೊಂಡದ್ದೂ ನೋವು ಇಳಿಯಲು ದೊಡ್ಡ ಕಾರಣ.

ಮೊನ್ನೆ ದೋಸೆ ಭಟ್ರು ಬಂದು, "ಸೊಂಟ ಹಿಡಿದಿದೆ ಅಣ್ಣಾ, ನಿಮ್ಮ ಹತ್ರ ಆ ಮಾತ್ರೆ ಇದ್ರೆ ಒಂದು ಕೊಡಿ" ಅಂದರು. ಗಲ್ಲಾದ ಡ್ರಾಯರಿನಲ್ಲಿ ಈಗ ಬಿಪಿ ಯಂತ್ರ ಇಟ್ಟಿದ್ದೇನೆ. ಅವರ ತೋಳಿಗೆ ಪಟ್ಟಿ ಸುತ್ತಿದೆ. 150/96. ಮಾತ್ರೆ ಕೊಡಲಿಲ್ಲ. ತವಾದ ಮುಂದೆ ಬೇರೆ ಹುಡುಗನನ್ನು ನಿಲ್ಲಿಸಿ ಅವರನ್ನು ಡಾಕ್ಟರ ಬಳಿ ಕಳಿಸಿದೆ.