ಡಾಟ್ ಯುಎಸ್ ವಿಳಾಸ: ತಮಾಷೆ ಹೆಸರಿಟ್ಟರೂ ಕಿತ್ತುಕೊಳ್ಳುವ ಭಯ ಈಗಿಲ್ಲ

ಅಮೆರಿಕದಲ್ಲಿರುವ ಕನ್ನಡದವರು ಸ್ವಂತ ವೆಬ್‌ಸೈಟ್ ಮಾಡುವುದಾದರೆ ಕೊನೆಯಲ್ಲಿ ಡಾಟ್ ಯುಎಸ್ (.us) ಅಂತ ಬರುವ, ಅಮೆರಿಕದ ವೆಬ್ ವಿಳಾಸವನ್ನೂ ಒಮ್ಮೆ ನೋಡಿ. ಡಾಟ್ ಕಾಮ್‌ನಲ್ಲಿ ಚಿಕ್ಕ, ಚೊಕ್ಕ ಹೆಸರುಗಳನ್ನು ಯಾರೋ ಆಗಲೇ ತೆಗೆದುಕೊಂಡಿರುತ್ತಾರೆ. ಇಲ್ಲಿ ಇನ್ನೂ ಸಿಗುತ್ತವೆ.

ನನಗೆ ಇದು ಇಷ್ಟವಾಗಲು ದೊಡ್ಡ ಕಾರಣ ಬೇರೆಯೇ ಇದೆ. ಮೊದಲು ಇಲ್ಲಿ ಏಳು ಬೈಗುಳಗಳಿಗೆ ನಿಷೇಧ ಇತ್ತು. 1978ರಲ್ಲಿ ರೇಡಿಯೋ ಪ್ರಸಾರದ ವಿಚಾರವಾಗಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಕೇಸಿನಲ್ಲಿದ್ದ ಪದಗಳೇ ಅವು. ದುಡ್ಡು ಕೊಟ್ಟು ನೋಂದಾಯಿಸಿದ ಮೇಲೂ ಹೆಸರನ್ನು ರದ್ದು ಮಾಡುತ್ತಿದ್ದರು. ನಾಜಿಗಳನ್ನು ಬೈಯುವ ಒಂದು ವಿಳಾಸಕ್ಕೂ ಹಾಗೇ ಆಯಿತು! ಅಂತರ್ಜಾಲದಲ್ಲಿ ಜನರ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಸಂಸ್ಥೆ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ನೆರವು ಕೇಂದ್ರ ಸೈಬರ್‌ಲಾ ಕ್ಲಿನಿಕ್ ಅದರ ಪರವಾಗಿ ನಿಂತ ಮೇಲೆ 2018ರಲ್ಲಿ ವಿಳಾಸ ವಾಪಸ್ ಸಿಕ್ಕಿತು, ನಿಷೇಧವೂ ಹೋಯಿತು. ಒಳ್ಳೆಯದೇ ಆಯಿತು.

ಇದು ನಮಗೆ ಜಾಸ್ತಿ ಸಂಬಂಧಪಟ್ಟದ್ದು, ಯಾಕಂದರೆ ರಕ್ಷಿತ್, ಹರ್ಷಿತಾ, ದೀಕ್ಷಿತ್ ಅನ್ನುವ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ, ಒಳಗೆ ನಾಲ್ಕಕ್ಷರದ ಒಂದು ಬೈಗುಳ ಕಾಣುತ್ತದೆ. ಸುಮ್ನೆ ಪಟ್ಟಿ ಹಿಡಿದು ಹುಡುಕುವ ಯಂತ್ರಕ್ಕೆ ಅದು ಒಬ್ಬರ ಹೆಸರು ಅಂತ ಹೇಗೆ ಗೊತ್ತಾಗಬೇಕು? 1990ರ ದಶಕದಲ್ಲಿ ಡಾಟ್ ಕಾಮ್ ಹಂಚುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್, ಶಿಟಾಕಿ ಅಣಬೆಯ ಹೆಸರಿನ ವಿಳಾಸವನ್ನೇ ಇದೇ ನಾಲ್ಕು ಅಕ್ಷರಕ್ಕಾಗಿ ಕೊಡಲಿಲ್ಲ. ಪಾಪ, ಅಣಬೆ ಏನು ತಪ್ಪು ಮಾಡಿತ್ತು?

ಬ್ರಿಟನ್ನಿನ ಡಾಟ್ ಯುಕೆ ವಿಳಾಸಗಳನ್ನು ನೋಡಿಕೊಳ್ಳುವ ನಾಮಿನೆಟ್ ಸಂಸ್ಥೆ 2014ರಲ್ಲಿ ತಂದ ನಿಯಮ ನನಗೆ ಸರಿ ಅನ್ನಿಸುತ್ತದೆ. ಬೈಗುಳ ಅಂದ ಮಾತ್ರಕ್ಕೆ ತಡೆಯುವುದಿಲ್ಲ. ನೋಂದಣಿ ಆದಮೇಲೆ ಪರಿಶೀಲಿಸಿ, ಗಂಭೀರ ಲೈಂಗಿಕ ಅಪರಾಧಕ್ಕೆ ಕುಮ್ಮಕ್ಕು ಕೊಡುವಂಥ ಹೆಸರನ್ನು ಮಾತ್ರ ತೆಗೆಯುತ್ತಾರೆ. ಅಷ್ಟು ಸಾಕು ಅಲ್ವಾ?

ಇನ್ನು ಕೊರತೆಗಳು. ಅಮೆರಿಕದ ಪ್ರಜೆ, ಅಲ್ಲಿನ ನಿವಾಸಿ ಅಥವಾ ಅಲ್ಲಿ ವ್ಯವಹಾರ ಇರುವ ಸಂಸ್ಥೆ ಆಗಿದ್ದರೆ ಮಾತ್ರ ಡಾಟ್ ಯುಎಸ್ ಸಿಗುತ್ತದೆ, ಬೆಂಗಳೂರಿನಲ್ಲಿ ಕೂತು ಸುಮ್ಮನೆ ಕೊಳ್ಳುವ ಹಾಗಿಲ್ಲ. ನಿಮ್ಮ ಹೆಸರು, ಮನೆ ವಿಳಾಸ ಬೇರೆಯವರಿಗೆ ಕಾಣದಂತೆ ಮರೆಮಾಡುವ ಪ್ರಾಕ್ಸಿ ಸೇವೆಗೂ ಇಲ್ಲಿ ಅವಕಾಶ ಇಲ್ಲ. ನನಗೆ ಇದು ತುಂಬಾ ಕೆಟ್ಟ ನಿಯಮ ಅನ್ನಿಸುತ್ತದೆ, ಮನೆ ವಿಳಾಸ ಕೊಡಲು ಹೆದರುವವರು ಡಾಟ್ ಕಾಮ್‌ನಲ್ಲೇ ಇರುವುದು ಒಳ್ಳೆಯದು.

ಕೊಳ್ಳುವ ಮುಂಚೆ ಹೆಸರನ್ನು ಜಾಗ ಬಿಡದೆ, ಎಲ್ಲಾ ಚಿಕ್ಕ ಅಕ್ಷರಗಳಲ್ಲಿ ಬರೆದು ಇನ್ನೊಬ್ಬರ ಹತ್ತಿರ ಓದಿಸಿ. ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಅನ್ನುವ ತಾಂತ್ರಿಕ ಪ್ರಶ್ನೋತ್ತರ ತಾಣದವರು ಪದಗಳನ್ನು expertsexchange ಅಂತ ಸೇರಿಸಿಟ್ಟಿದ್ದಕ್ಕೆ, ಅದನ್ನು ‘ಎಕ್ಸ್‌ಪರ್ಟ್ ಸೆಕ್ಸ್ ಚೇಂಜ್’, ಅಂದರೆ ಲಿಂಗ ಬದಲಾವಣೆಯ ತಾಣ ಅಂತ ಜನ ಓದುತ್ತಿದ್ದರು. ಆಮೇಲೆ ನಡುವೆ ಹೈಫನ್ ಹಾಕಿಕೊಂಡರು.