ಆಗುಂಬೆ, ಹುಲಿಕಲ್, ಗೇರುಸೊಪ್ಪ: ನಮ್ಮ ಕಡೆಯಿಂದ ಕಡಲಿಗೆ ಯಾವ ಘಾಟಿ?

ದಾವಣಗೆರೆಯವರು ಹೊನ್ನಾಳಿ ಮೇಲೆ ಬರಲಿ, ಚಿತ್ರದುರ್ಗದವರು ಹೊಳಲ್ಕೆರೆ ಮೇಲೆ ಬರಲಿ, ಉಡುಪಿ-ಹೊನ್ನಾವರದ ಕಡೆ ಹೊರಟವರು ಸೇರುವುದು ಶಿವಮೊಗ್ಗದಲ್ಲಿ. ಯಾವ ಘಾಟಿ ಇಳಿಯಬೇಕೆಂಬುದು ಅಲ್ಲಿಗೆ ತೀರ್ಮಾನವಾಗಿರಬೇಕು. ಮೂರನ್ನೂ ಮಳೆಯಲ್ಲೂ ಬೇಸಿಗೆಯಲ್ಲೂ ಇಳಿದು ಹತ್ತಿದವರ ಲೆಕ್ಕ ಇದು.

ನೋಟಕ್ಕೆ ಆಗುಂಬೆಯನ್ನು ಮೀರಿಸುವ ಘಾಟಿಯಿಲ್ಲ. ತೀರ್ಥಹಳ್ಳಿ ದಾಟಿ ಆಗುಂಬೆ, ಅಲ್ಲಿಂದ ಸೋಮೇಶ್ವರಕ್ಕೆ ಇಳಿತ, ಹೆಬ್ರಿ ಮೇಲೆ ಉಡುಪಿ. ಇಳಿತ ಹತ್ತು ಕಿ.ಮೀ. ಆಸುಪಾಸು, ಅಷ್ಟರಲ್ಲೇ 14 ಹೇರ್‌ಪಿನ್ ತಿರುವು. ರಸ್ತೆ ಇಕ್ಕಟ್ಟು. ಹಾಗಾಗಿ ದೊಡ್ಡ ಬಸ್ಸು, ಲಾರಿಗೆ ಇಲ್ಲಿ ದಾರಿಯಿಲ್ಲ. ಓಡುವುದು ಮಿನಿ ಬಸ್ಸು. ಮದುವೆ ದಿಬ್ಬಣಕ್ಕೆ ಐವತ್ತು ಸೀಟಿನ ಬಸ್ಸು ಮಾಡಿಕೊಂಡವರು ಈ ಘಾಟಿಯನ್ನು ಮರೆಯುವುದು ಒಳ್ಳೆಯದು. ಸೂರ್ಯಾಸ್ತ ನೋಡಬೇಕೆಂದರೆ ನವೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ. ಮಳೆಗಾಲದಲ್ಲಿ ಹೋದರೆ ಸೂರ್ಯ ಇರಲಿ, ಮುಂದಿನ ಕಾರಿನ ಕೆಂಪು ದೀಪವೂ ಕಾಣದಷ್ಟು ಮಂಜು. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವುದು 650 ಮಿ.ಮೀ. ಆಚೀಚೆ, ಆಗುಂಬೆಯ ಸರಾಸರಿ 7000 ದಾಟುತ್ತದೆ. ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ತಣ್ಣಗಾಗಿ, ನೀರನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ದುರ್ಗದ ಗುಡ್ಡಗಳ ಗಾಳಿಯಂತ್ರ ತಿರುಗಿಸಲು ಬರುವುದು ಆ ಒಣಗಾಳಿಯೇ.

ಸೋಮೇಶ್ವರದ ಕಾಡಿನಲ್ಲಿ ಸಿಂಗಳೀಕಗಳಿವೆ. ಆದರೆ ತಿರುವಿನಲ್ಲಿ ಕಾರಿನ ಮೇಲೆ ಹತ್ತುವುದು ಸಾಮಾನ್ಯ ಮಂಗ. ತಿಂಡಿ ಹಾಕಿ ಅಭ್ಯಾಸ ಮಾಡಿಸಿದವರು ನಾವೇ.

ಹುಲಿಕಲ್‌ಗೂ ತೀರ್ಥಹಳ್ಳಿಯಿಂದಲೇ ಕವಲು: ಯಡೂರು, ಮಾಸ್ತಿಕಟ್ಟೆ, ಹುಲಿಕಲ್, ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಬಾಳೆಬರೆ ಘಾಟಿ ಎಂದರೂ ಇದೇ. ದೊಡ್ಡ ಬಸ್ಸುಗಳೂ ಓಡುತ್ತವೆ, ಅದೇ ಇದರ ಲಾಭ ಮತ್ತು ತಲೆನೋವು. ಚಂಡಿಕಾಂಬಾ ಗುಡಿ ಹತ್ತಿರದ ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ಅದಕ್ಕೆ ಪೂರಾ ರಸ್ತೆ ಬೇಕು. ಹಾರ್ನ್ ಹೊಡೆದು ಹಿಂದೆಯೇ ನಿಲ್ಲಿ. ಮ್ಯಾಪಿನಲ್ಲಿ ಬರೀ ‘ಸಿದ್ದಾಪುರ’ ಎಂದು ಹಾಕಬೇಡಿ, ಉತ್ತರ ಕನ್ನಡದಲ್ಲೊಂದು ಸಿದ್ದಾಪುರವಿದೆ, ಅದು ಬೇರೆಯೇ ದಿಕ್ಕು.

ಹೊಟ್ಟೆ ತೊಳಸುವವರಿಗೆ ಗೇರುಸೊಪ್ಪವೇ ಸರಿ. ಸಾಗರ, ಮಾವಿನಗುಂಡಿ ಮೇಲೆ ಹೊನ್ನಾವರಕ್ಕೆ ಹೋಗುವ ಹೆದ್ದಾರಿ. ತಿರುವುಗಳಿಗೆ ಲೆಕ್ಕವಿಲ್ಲ, ಆದರೆ ಕಡಿದಾಗಿಲ್ಲ, ಇಳಿತ ನಿಧಾನ. ದೂರ ಹೆಚ್ಚು. ಜೋಗ ದಾರಿಯಲ್ಲೇ ಸಿಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನೋಡಿದರೆ ನೋಡಿದ ಹಾಗೆ. ಏಪ್ರಿಲ್‌ನಲ್ಲಿ ಹೋದರೆ 253 ಮೀಟರ್ ಬಂಡೆಯಷ್ಟೇ, ಶರಾವತಿಯ ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಪೆಟ್ರೋಲ್ ಸಾಗರದಲ್ಲೇ ಹಾಕಿಸಿ. ವಾಂತಿ ಆಗುವುದು ಬೆಳಿಗ್ಗೆ ತಿಂದ ಬೆಣ್ಣೆ ದೋಸೆಯಿಂದಲ್ಲ, ಘಾಟಿಗೆ ಅರ್ಧ ಗಂಟೆ ಮುಂಚೆ ಹೊಡೆದ ಫುಲ್ ಮೀಲ್ಸ್‌ನಿಂದ. ಊಟ ಹೊನ್ನಾವರಕ್ಕೆ ಇಟ್ಟುಕೊಳ್ಳಿ.

ಬಯಲುಸೀಮೆಯ ಕೈ ಎಡವುವುದು ಬ್ರೇಕಿನಲ್ಲಿ. ಉದ್ದಕ್ಕೂ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಒತ್ತಿದರೂ ಹಿಡಿಯುವುದಿಲ್ಲ. ಆಗುಂಬೆಯಲ್ಲಿ ಎರಡನೇ ಗೇರು, ತಿರುವಿನಲ್ಲಿ ಬೇಕಾದರೆ ಒಂದನೇದು. ನ್ಯೂಟ್ರಲ್ ಖಂಡಿತ ಬೇಡ. ವಾಸನೆ ಬಂದರೆ ಅಗಲವಿರುವ ಕಡೆ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಆರಲು ಬಿಡಿ, ಚಕ್ರಕ್ಕೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಹತ್ತಿ ಬರುವ ಗಾಡಿಗೆ ಮೊದಲ ದಾರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬೀಳುವುದು, ಗುಡ್ಡ ಜರಿಯುವುದು ಮೂರರಲ್ಲೂ ಉಂಟು. ಜಿಲ್ಲಾಡಳಿತ ಭಾರಿ ವಾಹನ ತಡೆಯುವುದೂ ಉಂಟು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೆಳಗಿನಿಂದ ಹತ್ತಿ ಬಂದ ಬಸ್ಸಿನ ಡ್ರೈವರನ್ನು ಕೇಳಿ: ಅವರಿಗೆ ಒಂದು ಗಂಟೆ ಹಿಂದಿನ ರಸ್ತೆ ಗೊತ್ತಿರುತ್ತದೆ.