ಸೀಸನ್ ಹುಡುಗರ ಖಾತೆ ಅಳಿಸೋದು: ಮೈಎಸ್‌ಕ್ಯೂಎಲ್ ಮೇಲೋ, ಪೋಸ್ಟ್‌ಗ್ರೆಸ್ ಮೇಲೋ?

ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಬೀಜ ಹದಮಾಡುವ ಕಾರ್ಖಾನೆಗಳಲ್ಲಿ) ಕೊಯ್ಲಿನ ತಿಂಗಳುಗಳಿಗೆಂದೇ ತೂಕ ಬರೆಯಲು, ಬಿಲ್ ಹಾಕಲು ಹುಡುಗರು ಬರುತ್ತಾರೆ. ರೋಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಿದ್ದಂತೆ ಹೊರಡುತ್ತಾರೆ. ಡೇಟಾಬೇಸಿನಲ್ಲಿ ಅವರ ಖಾತೆ ಮಾತ್ರ ಹಾಗೇ ಉಳಿಯುತ್ತದೆ. ನಾನು ನೋಡಿಕೊಳ್ಳುವ ಒಂದು ಕಡೆ ಮೈಎಸ್‌ಕ್ಯೂಎಲ್ 8, ಇನ್ನೊಂದು ಕಡೆ ಪೋಸ್ಟ್‌ಗ್ರೆಸ್, ಎರಡೂ ಡೇಟಾಬೇಸ್ ಸಾಫ್ಟ್‌ವೇರ್‌ಗಳೇ. ಇಂಥ ಖಾತೆ ಅಳಿಸುವ ಕೆಲಸ ಎರಡರಲ್ಲೂ ಮಾಡಿದ್ದೇನೆ.

ಮೈಎಸ್‌ಕ್ಯೂಎಲ್‌ನಲ್ಲಿ ‘ಡ್ರಾಪ್ ಯೂಸರ್’ ಕೊಟ್ಟರೆ ಖಾತೆಯೂ ಅದರ ಹಕ್ಕುಗಳೂ ಒಟ್ಟಿಗೆ ಹೋಗುತ್ತವೆ. ಸುಲಭವೇ. ಆದರೆ ಅಲ್ಲಿ ಖಾತೆ ಎಂದರೆ ಹೆಸರು ಮತ್ತು ಹೋಸ್ಟ್ (ಯಾವ ಕಂಪ್ಯೂಟರಿನಿಂದ ಲಾಗಿನ್ ಆಗಬಹುದು ಎಂಬುದು) ಎರಡೂ ಸೇರಿದ್ದು. ಹೋಸ್ಟ್ ಬರೆಯದಿದ್ದರೆ ಶೇಕಡಾ ಚಿಹ್ನೆಯ (ಅಂದರೆ ಯಾವ ಹೋಸ್ಟ್ ಆದರೂ ಸರಿ ಎನ್ನುವ) ಖಾತೆ ಎಂದೇ ಅದು ತಿಳಿಯುತ್ತದೆ. ಅದೇ ಹೆಸರಿನ ಲೋಕಲ್‌ಹೋಸ್ಟ್ ಖಾತೆ, ಅಂದರೆ ಸರ್ವರಿನೊಳಗಿಂದಲೇ ಲಾಗಿನ್ ಆಗುವುದು, ಇದ್ದರೆ ಅಲ್ಲೇ ಕೂತಿರುತ್ತದೆ. ಆ ಹೊತ್ತಿಗೆ ಒಳಗಿದ್ದವರ ಸೆಷನ್ನೂ ತಾನಾಗಿ ಮುಚ್ಚುವುದಿಲ್ಲ, ಯಾರ್ಯಾರು ಒಳಗಿದ್ದಾರೆಂದು ತೋರಿಸುವ ಪ್ರೊಸೆಸ್‌ಲಿಸ್ಟ್ ನೋಡಿ ಕಿಲ್ ಮಾಡಬೇಕು. ಇನ್ನು ಡಿಫೈನರ್ ಕಾಟ, ಅಂದರೆ ಯಾರ ಹಕ್ಕಿನ ಮೇಲೆ ಓಡಬೇಕೆಂದು ಬರೆದಿಟ್ಟ ಖಾತೆಯದು: ಆ ಹುಡುಗನ ಹೆಸರಿನಲ್ಲಿ ಒಂದು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಇದ್ದು ಖಾತೆ ಹೋದರೆ, ತಿಂಗಳ ರಿಪೋರ್ಟ್ ಎರರ್ ಕೊಡುತ್ತದೆ. 8.0.22 ಆವೃತ್ತಿಯಿಂದ ಇಂಥ ಖಾತೆ ಅಳಿಸಲು ಹೋದರೆ ಮೈಎಸ್‌ಕ್ಯೂಎಲ್ಲೇ ತಡೆಯುತ್ತದೆ, ಆದರೆ ವಿಶೇಷ ಹಕ್ಕಿರುವ ಅಡ್ಮಿನ್‌ಗೆ ಬರೀ ವಾರ್ನಿಂಗ್. ವಾರ್ನಿಂಗ್ ಯಾರು ಓದುತ್ತಾರೆ, ಹೇಳಿ!

ಹಾಗಾಗಿ ಅಲ್ಲಿ ನಾನು ಮೊದಲು ‘ಅಕೌಂಟ್ ಲಾಕ್’ ಹಾಕುತ್ತೇನೆ. ಹೊಸ ಲಾಗಿನ್ ನಿಲ್ಲುತ್ತದೆ, ವ್ಯೂಗಳು ಓಡುತ್ತಲೇ ಇರುತ್ತವೆ, ಮುಂದಿನ ಸೀಸನ್‌ಗೆ ಅದೇ ಹುಡುಗ ಬಂದರೆ ಅನ್‌ಲಾಕ್. ಯೂಸರ್ ಟೇಬಲಿನ ಸಾಲನ್ನೇ ಡಿಲೀಟ್ ಮಾಡುವ ಹಳೇ ಚಾಳಿಯನ್ನಂತೂ ಬಿಟ್ಟುಬಿಡಿ.

ಪೋಸ್ಟ್‌ಗ್ರೆಸ್ ನಮ್ಮೂರ ಹಿರಿಯರ ಹಾಗೆ, ಆಸ್ತಿ ಲೆಕ್ಕ ತೀರುವವರೆಗೆ ಹೋಗಲು ಬಿಡದು. ಖಾತೆಯ ಹೆಸರಿನಲ್ಲಿ ಒಂದು ಟೇಬಲ್ ಇದ್ದರೂ, ಒಂದು ಹಕ್ಕು ಉಳಿದಿದ್ದರೂ ‘ಡ್ರಾಪ್ ರೋಲ್’ ನಡೆಯದು (ಅಲ್ಲಿ ಖಾತೆಗೆ ರೋಲ್ ಎನ್ನುತ್ತಾರೆ). ಮೊದಲು ‘ರೀಅಸೈನ್ ಓನ್ಡ್’ ಕೊಟ್ಟು ಟೇಬಲ್‌ಗಳನ್ನು ಇನ್ನೊಬ್ಬರಿಗೆ ವಹಿಸಬೇಕು, ಆಮೇಲೆ ‘ಡ್ರಾಪ್ ಓನ್ಡ್’ ಕೊಟ್ಟು ಉಳಿದ ಹಕ್ಕು ತೆಗೆಯಬೇಕು, ಅದೂ ಒಂದೊಂದು ಡೇಟಾಬೇಸಿನೊಳಗೂ ಹೋಗಿ. ಈ ಕ್ರಮ ತಪ್ಪಿ ಡ್ರಾಪ್ ಓನ್ಡ್ ಮೊದಲು ಬಂತೋ, ಟೇಬಲ್‌ಗಳೇ ಹೋಗುತ್ತವೆ. ಲಾಕ್ ಬದಲಿಗೆ ಇಲ್ಲಿ ಹೊಸ ಲಾಗಿನ್ ತಡೆಯುವ ‘ನೋಲಾಗಿನ್’ ಇದೆ. ಒಳಗಿರುವವರನ್ನು ಇಲ್ಲೂ ನಾವೇ ಹೊರಗೆ ಕಳಿಸಬೇಕು.

ಕೆಲಸ ಜಾಸ್ತಿಯಾದರೂ ನನ್ನ ಓಟು ಪೋಸ್ಟ್‌ಗ್ರೆಸ್‌ಗೇ. ಏನು ಉಳಿದಿದೆ ಎಂದು ಅಳಿಸುವ ಮುಂಚೆಯೇ ಹೇಳುತ್ತದಲ್ಲ. ಶುರುಮಾಡುವ ಮೊದಲು ಬ್ಯಾಕಪ್ ತೆಗೆಯುವವರು ಒಂದು ಗಮನಿಸಿ: ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಡೇಟಾಬೇಸಿನ ಬ್ಯಾಕಪ್ ತೆಗೆಯುವ ಪಿಜಿ ಡಂಪ್‌ನಲ್ಲಿ ರೋಲ್‌ಗಳು ಬರುವುದಿಲ್ಲ, ಅವಕ್ಕೆ ಪಿಜಿ ಡಂಪ್‌ಆಲ್ ಬೇಕು. ಮೈಎಸ್‌ಕ್ಯೂಎಲ್‌ನಲ್ಲಾದರೆ ಖಾತೆಯ ವಿವರ ತೋರಿಸುವ ‘ಶೋ ಕ್ರಿಯೇಟ್ ಯೂಸರ್’, ಹಕ್ಕು ತೋರಿಸುವ ‘ಶೋ ಗ್ರಾಂಟ್ಸ್’ ಎರಡರ ಉತ್ತರವನ್ನೂ ಒಂದು ಫೈಲಿಗೆ ಹಾಕಿಟ್ಟುಕೊಳ್ಳಿ.